ಪ್ರೊಸೆಸರ್‌ಗೆ ಒಪ್ಪುವ ಮದರ್‌ಬೋರ್ಡ್ ಆರಿಸುವುದು ಹೇಗೆ?

ಶನಿವಾರ ಸಂಜೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೀಬೋರ್ಡು, ಕೇಬಲ್ಲು, ಕ್ಯಾಬಿನೆಟ್‌ಗಳ ರಾಶಿಯ ನಡುವೆ ಪ್ರತಿ ಕೌಂಟರ್ ಮುಂದೆಯೂ ನಾಲ್ಕೈದು ಜನ. ಎಂಜಿನಿಯರಿಂಗ್‌ಗೆ ಸೇರಿದ ಮಗಳು, ಜತೆಗೆ ತಂದೆ, ಕೈಯಲ್ಲೊಂದು ಚೀಟಿ: ‘ಐ5, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ’. ಅಂಗಡಿಯವರ ಮೊದಲ ಪ್ರಶ್ನೆ, ‘ಯಾವ ಜನರೇಷನ್ ಸಾರ್?’ ತಂದೆ ಮಗಳ ಮುಖ ನೋಡುತ್ತಾರೆ. ಮಗಳು ಚೀಟಿ ನೋಡುತ್ತಾಳೆ. ಚೀಟಿಯಲ್ಲಿ ಅದಿಲ್ಲ.

ಪಕ್ಕದ ಅಂಗಡಿಯಲ್ಲಿ ಇನ್ನೊಬ್ಬರು ಆನ್‌ಲೈನ್‌ನಲ್ಲಿ ರಿಯಾಯಿತಿಗೆ ಸಿಕ್ಕ ಪ್ರೊಸೆಸರ್‌ನ ಡಬ್ಬಿ ಹಿಡಿದು ನಿಂತಿದ್ದಾರೆ. ಮನೆಯಲ್ಲಿರುವ ಬೋರ್ಡಿಗೆ ಅದು ಕೂರುವುದಿಲ್ಲ. ಕೂರುವ ಬೋರ್ಡು ತೆಗೆದುಕೊಂಡರೆ ಇರುವ ರ‍್ಯಾಮ್ ಅದಕ್ಕೆ ಆಗುವುದಿಲ್ಲ. ಒಂದು ಚಿಪ್‌ನಲ್ಲಿ ಉಳಿಸಿದ ಹಣ ಇನ್ನೆರಡು ಸಾಮಾನಿಗೆ ಹೋಗುತ್ತದೆ.

ಈಗ ಈ ಗೊಂದಲ ಹೆಚ್ಚಾಗಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಇಂಟೆಲ್‌ನ ಎಂಟನೇ ಜನರೇಷನ್ ಅಥವಾ ಎಎಂಡಿಯ ರೈಜೆನ್ 2000 ಸರಣಿಯಿಂದ ಈಚೆಗಿನದಾಗಿರಬೇಕು. ಆ ಪ್ರೊಸೆಸರ್‌ಗಳು ಬರುವ ಮೊದಲು ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗಳು ಈ ಗೆರೆಯ ಆಚೆಗೇ ಉಳಿದಿವೆ. ‘ಪ್ರೊಸೆಸರ್ ಒಂದನ್ನು ಬದಲಿಸಿದರೆ ಸಾಕೇ, ಬೋರ್ಡೂ ಬದಲಿಸಬೇಕೇ?’ ಎಂಬುದು ಮನೆಮನೆಯ ಪ್ರಶ್ನೆಯಾಗಿದೆ.

ಪ್ರೊಸೆಸರ್‌ನ ಬಗ್ಗೆ ನಾವು ಹತ್ತು ಜನರನ್ನು ಕೇಳುತ್ತೇವೆ. ಬೋರ್ಡನ್ನು ಮಾತ್ರ ಅಂಗಡಿಯವರ ಆಯ್ಕೆಗೆ ಬಿಡುತ್ತೇವೆ. ಆದರೆ ಯಂತ್ರದ ಇಂದಿನ ವೇಗವನ್ನು ಪ್ರೊಸೆಸರ್ ತೀರ್ಮಾನಿಸಿದರೆ, ಐದು ವರ್ಷದ ನಂತರ ಅದನ್ನು ಸುಧಾರಿಸಬಹುದೇ, ಎಸೆಯಬೇಕೇ ಎಂಬುದನ್ನು ಬೋರ್ಡು ತೀರ್ಮಾನಿಸುತ್ತದೆ. ಇವೆರಡನ್ನೂ ಒಟ್ಟಿಗೇ ಆರಿಸಬೇಕು.

ಬೋರ್ಡಿನ ಕೆಲಸವೇನು?

ಲೆಕ್ಕ ಮಾಡುವುದು ಪ್ರೊಸೆಸರ್. ಅದಕ್ಕೆ ಬೇಕಾದ ವಿದ್ಯುತ್ತನ್ನು ಹದ ಮಾಡಿ ಕೊಡುವುದು, ರ‍್ಯಾಮ್‌ನಿಂದ ಮಾಹಿತಿ ತರುವ ದಾರಿ ಒದಗಿಸುವುದು, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಯುಎಸ್‌ಬಿ, ಇಂಟರ್ನೆಟ್ ಕೇಬಲ್ ಎಲ್ಲವನ್ನೂ ಅದರೊಂದಿಗೆ ಜೋಡಿಸುವುದು ಮದರ್‌ಬೋರ್ಡ್. ಸ್ವಿಚ್ ಒತ್ತಿದ ಕೂಡಲೇ ಮೊದಲು ಎಚ್ಚರಗೊಳ್ಳುವ ‘ಬಯಾಸ್’ ಎಂಬ ಪುಟ್ಟ ತಂತ್ರಾಂಶವೂ ಬೋರ್ಡಿನ ಮೇಲಿನ ಒಂದು ಚಿಪ್‌ನಲ್ಲಿಯೇ ಇರುತ್ತದೆ.

ಹಾಗಾಗಿ ‘ಹೊಂದುತ್ತದೆ’ ಎಂಬ ಒಂದು ಮಾತಿನೊಳಗೆ ನಾಲ್ಕು ವಿಷಯಗಳಿವೆ. ಪ್ರೊಸೆಸರ್ ಬೋರ್ಡಿನಲ್ಲಿ ಕೂರಬೇಕು. ಬೋರ್ಡಿನ ಸಂಪರ್ಕಗಳನ್ನು ನಿಯಂತ್ರಿಸುವ ಚಿಪ್‌ಸೆಟ್ ಅದನ್ನು ಒಪ್ಪಬೇಕು. ಬಯಾಸ್ ಅದನ್ನು ಗುರುತಿಸಬೇಕು. ಅದು ಕೇಳುವಷ್ಟು ವಿದ್ಯುತ್ತನ್ನು ಬೋರ್ಡು ದಿನವಿಡೀ ಕೊಡಬಲ್ಲಂತಿರಬೇಕು. ಚಿಪ್‌ಸೆಟ್ ಒಪ್ಪದಿದ್ದರೆ ಅಥವಾ ಬಯಾಸ್ ಗುರುತಿಸದಿದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಅಂಗಡಿಯವರು ‘ನೋ ಡಿಸ್‌ಪ್ಲೇ’ ಎನ್ನುವ ಸ್ಥಿತಿ ಇದೇ.

ಹೆಸರಿನ ಮುಂದಿನ ಅಂಕಿ ಓದಿ

‘ಐ5’ ಎಂದಷ್ಟೇ ಹೇಳಿದರೆ ಬೋರ್ಡು ಯಾವುದೆಂದು ತಿಳಿಯದು. ಐ5-3470, ಐ5-6500, ಐ5-12400 ಈ ಮೂರೂ ಐ5ಗಳೇ. ಮೂರಕ್ಕೂ ಬೇರೆ ಬೇರೆ ಬೋರ್ಡು ಬೇಕು. ಐ5 ಎಂಬುದು ಆಯಾ ವರ್ಷದ ಸಾಲಿನಲ್ಲಿ ಆ ಚಿಪ್ ಮಧ್ಯಮ ದರ್ಜೆಯದ್ದು ಎಂದಷ್ಟೇ ಹೇಳುತ್ತದೆ. ಜನರೇಷನ್ ಇರುವುದು ಮುಂದಿನ ಅಂಕಿಯಲ್ಲಿ. 3470 ಎಂದರೆ ಮೂರನೆಯದು, 6500 ಎಂದರೆ ಆರನೆಯದು, 12400 ಎಂದರೆ ಹನ್ನೆರಡನೆಯದು.

ಎಎಂಡಿಯಲ್ಲೂ ಹೀಗೆಯೇ. ರೈಜೆನ್ 5 5600 ಮತ್ತು ರೈಜೆನ್ 5 7600 ಹೆಸರಿನಲ್ಲಿ ಅಕ್ಕತಂಗಿಯರಂತಿದ್ದರೂ ಒಂದರ ಬೋರ್ಡಿನಲ್ಲಿ ಇನ್ನೊಂದು ಕೂರುವುದಿಲ್ಲ. ಡೆಸ್ಕ್‌ಟಾಪ್ ರೈಜೆನ್‌ಗಳಲ್ಲಿ 1000ದಿಂದ 5000ದವರೆಗಿನ ಸರಣಿಗಳು ಹಳೆಯ ಎಎಂ4 ಬೋರ್ಡಿನವು. 7000, 8000, 9000 ಸರಣಿಗಳು ಹೊಸ ಎಎಂ5 ಬೋರ್ಡಿನವು.

ಕೊನೆಯ ಅಕ್ಷರವನ್ನೂ ಬಿಡಬೇಡಿ. ಇಂಟೆಲ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಹಿಂಬದಿಯಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೂ ಅದರಿಂದ ಚಿತ್ರ ಬರುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ರೈಜೆನ್ 5000 ಸರಣಿಯಲ್ಲಿ ‘ಜಿ’ ಅಕ್ಷರ ಇರುವ 5600ಜಿಯಂಥವುಗಳಿಗೆ ಮಾತ್ರ ಒಳಗೇ ಗ್ರಾಫಿಕ್ಸ್ ಇದೆ. ಓದು, ಆಫೀಸ್ ಕೆಲಸ, ಸಿನಿಮಾಕ್ಕೆಂದು ಕಂಪ್ಯೂಟರ್ ಮಾಡಿಸುವ ಮನೆಯವರು ಬೆಲೆ ಸ್ವಲ್ಪ ಕಡಿಮೆಯೆಂದು ಎಫ್ ಪ್ರೊಸೆಸರ್ ತಂದರೆ ಮಾನಿಟರ್ ಹೊತ್ತಿಸಲು ಸಾವಿರಾರು ರೂಪಾಯಿಯ ಕಾರ್ಡು ಕೊಳ್ಳಬೇಕಾಗುತ್ತದೆ.

ಸಾಕೆಟ್: ಮೊದಲ ಬಾಗಿಲು

ಪ್ರೊಸೆಸರ್ ಕೂರುವ ಚೌಕಟ್ಟಿನ ಹೆಸರು ಸಾಕೆಟ್. 1990ರ ದಶಕದ ನಡುವಿನಲ್ಲಿ ಬಂದ ಸಾಕೆಟ್ 7 ಬೋರ್ಡಿನಲ್ಲಿ ಇಂಟೆಲ್‌ನ ಪೆಂಟಿಯಂ ಕೂರುತ್ತಿತ್ತು, ಎಎಂಡಿಯ ಕೆ6 ಕೂರುತ್ತಿತ್ತು, ಸಿರಿಕ್ಸ್ ಕಂಪನಿಯ ಚಿಪ್ಪೂ ಕೂರುತ್ತಿತ್ತು. 1997ರಲ್ಲಿ ಇಂಟೆಲ್ ಪೆಂಟಿಯಂ 2 ತಂದಾಗ ಅದಕ್ಕೆ ಸ್ಲಾಟ್ 1 ಎಂಬ ತನ್ನದೇ ಜಾಗ ಮಾಡಿಕೊಂಡಿತು. 1999ರಲ್ಲಿ ಎಎಂಡಿ ಅಥ್ಲಾನ್‌ಗೆ ಸ್ಲಾಟ್ ಎ ಬಂತು. ಅಲ್ಲಿಂದ ಎರಡೂ ಕಂಪನಿಗಳ ದಾರಿ ಬೇರೆಯಾಯಿತು. ಇಂದು ಇಂಟೆಲ್ ಬೋರ್ಡಿನಲ್ಲಿ ಎಎಂಡಿ ಕೂರುವ ಮಾತೇ ಇಲ್ಲ.

ಇಂಟೆಲ್‌ನ ಸಾಕೆಟ್ ಹೆಸರಿನಲ್ಲಿ ಬರುವ ಅಂಕಿ ಸಂಪರ್ಕ ಬಿಂದುಗಳ ಎಣಿಕೆ. ಎಲ್‌ಜಿಎ 1155ರಲ್ಲಿ ಎರಡು ಮತ್ತು ಮೂರನೇ ಜನರೇಷನ್, 1150ರಲ್ಲಿ ನಾಲ್ಕು ಮತ್ತು ಐದು, 1151ರಲ್ಲಿ ಆರರಿಂದ ಒಂಬತ್ತು, 1200ರಲ್ಲಿ ಹತ್ತು ಮತ್ತು ಹನ್ನೊಂದು, 2021ರಲ್ಲಿ ಬಂದ 1700ರಲ್ಲಿ ಹನ್ನೆರಡರಿಂದ ಹದಿನಾಲ್ಕು. 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಎಲ್‌ಜಿಎ 1851.

ಎಎಂಡಿ ಇನ್ನೊಂದು ದಾರಿ ಹಿಡಿಯಿತು. 2017ರ ಮೊದಲ ರೈಜೆನ್‌ಗಾಗಿ ತಂದ ಎಎಂ4 ಸಾಕೆಟ್ಟಿಗೆ 2024ರಲ್ಲೂ ಹೊಸ ಪ್ರೊಸೆಸರ್ ಬಿಡುಗಡೆ ಮಾಡಿತು. 2022ರಲ್ಲಿ ಬಂದ ಎಎಂ5 ಸಾಕೆಟ್ಟನ್ನು 2027 ಮತ್ತು ಅದರಾಚೆಗೂ ಮುಂದುವರಿಸುವುದಾಗಿ ಹೇಳಿದೆ.

ಒಂದೇ ಸಾಕೆಟ್, ಆದರೂ ಒಪ್ಪದು

ಸಾಕೆಟ್ ಹೆಸರು ಹೊಂದಿದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಎಲ್‌ಜಿಎ 1151 ಇದಕ್ಕೆ ಒಳ್ಳೆಯ ಪಾಠ. 2015ರ ಆರನೇ ಜನರೇಷನ್‌ನಲ್ಲೂ, 2017ರ ಕೊನೆಗೆ ಬಂದ ಎಂಟನೇ ಜನರೇಷನ್‌ನಲ್ಲೂ ಬಿಂದುಗಳು 1151. ಚಿಪ್ ನೋಡಲು ಒಂದೇ ಅಳತೆ. ಆದರೆ ಹಳೆಯ ಚಿಪ್‌ನಲ್ಲಿ ಖಾಲಿ ಬಿಟ್ಟಿದ್ದ ಕೆಲವು ಬಿಂದುಗಳನ್ನು ಇಂಟೆಲ್ ಎಂಟನೇ ಜನರೇಷನ್‌ನಲ್ಲಿ ವಿದ್ಯುತ್ ಪೂರೈಕೆಗೆ ಬಳಸಿಕೊಂಡಿತು. ಎಚ್‌110, ಬಿ250ಯಂಥ 100 ಮತ್ತು 200 ಸರಣಿಯ ಬೋರ್ಡುಗಳಲ್ಲಿ ಎಂಟನೇ ಜನರೇಷನ್ ಅಧಿಕೃತವಾಗಿ ನಡೆಯಲಿಲ್ಲ; 300 ಸರಣಿಯ ಹೊಸ ಬೋರ್ಡು ಬೇಕಾಯಿತು.

ಇದರ ಪರಿಣಾಮ ಎಷ್ಟು ದೊಡ್ಡದೆಂದು ಒಂದು ಉದಾಹರಣೆಯಿಂದ ತಿಳಿಯುತ್ತದೆ. 2017ರ ಮಧ್ಯದಲ್ಲಿ ಎರಡು ಮನೆಯವರು ಕಂಪ್ಯೂಟರ್ ಮಾಡಿಸಿದರು ಎಂದಿಟ್ಟುಕೊಳ್ಳಿ. ಒಂದು ಮನೆಯದು ಬಿ250 ಬೋರ್ಡಿನಲ್ಲಿ ಐ5-7400. ಇನ್ನೊಂದು ಮನೆಯದು ಬಿ350 ಬೋರ್ಡಿನಲ್ಲಿ ರೈಜೆನ್ 5 1600. ಎರಡರಲ್ಲೂ ಡಿಡಿಆರ್4 ರ‍್ಯಾಮ್. ಇಂದು ಎರಡೂ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ.

ಮೊದಲ ಮನೆಯ ಬೋರ್ಡು ಏಳನೇ ಜನರೇಷನ್‌ನಲ್ಲೇ ನಿಂತುಹೋಯಿತು. ಮುಂದೆ ಹೋಗಬೇಕಾದರೆ ಬೋರ್ಡು, ಪ್ರೊಸೆಸರ್ ಎರಡೂ ಹೊಸತು. ಎರಡನೇ ಮನೆಯ ಬೋರ್ಡಿಗೆ 2022ರಲ್ಲಿ ಎಎಂಡಿ ಹೊಸ ಬಯಾಸ್‌ನ ದಾರಿ ತೆರೆಯಿತು. ಬೋರ್ಡಿನ ಕಂಪನಿ ಆ ಬಯಾಸ್ ಕೊಟ್ಟಿದ್ದರೆ, ಅದನ್ನು ಹಾಕಿಕೊಂಡು ಅದೇ ವರ್ಷ ಬಂದ ರೈಜೆನ್ 5 5600 ಕೂರಿಸಬಹುದು. ಹಳೆಯ ಬೋರ್ಡು, ಹಳೆಯ ರ‍್ಯಾಮ್, ಹಳೆಯ ಕ್ಯಾಬಿನೆಟ್ ಹಾಗೆಯೇ ಇದ್ದು, ಚಿಪ್ ಒಂದರಿಂದ ವಿಂಡೋಸ್ 11ರ ಅರ್ಹತೆ ಸಿಗುತ್ತದೆ. ಕೊಂಡ ದಿನ ಈ ವ್ಯತ್ಯಾಸ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಬಯಾಸ್‌ನ ಬಿಕ್ಕಟ್ಟು

ಪ್ರೊಸೆಸರ್ ಬೋರ್ಡಿಗಿಂತ ಹೊಸದಾಗಿದ್ದರೆ ಬೋರ್ಡಿನ ಬಯಾಸ್‌ಗೆ ಅದರ ಪರಿಚಯವೇ ಇರುವುದಿಲ್ಲ. ಹೊಸ ಚಿಪ್‌ನ ವಿವರಗಳಿರುವ ಬಯಾಸನ್ನು ಬೋರ್ಡಿಗೆ ತುಂಬಬೇಕು. ಇಂಟೆಲ್ 600 ಸರಣಿಯ ಬೋರ್ಡಿನಲ್ಲಿ ಹದಿಮೂರು ಅಥವಾ ಹದಿನಾಲ್ಕನೇ ಜನರೇಷನ್ ಕೂರಿಸುವಾಗಲೂ ಇದೇ ಕೆಲಸ.

2020ರ ಮೇ ತಿಂಗಳಲ್ಲಿ ಎಎಂಡಿ, ಮುಂಬರುವ ರೈಜೆನ್ ಚಿಪ್‌ಗಳು ಬಿ550, ಎಕ್ಸ್570 ಬೋರ್ಡುಗಳಿಗೆ ಮಾತ್ರ ಎಂದು ಪ್ರಕಟಿಸಿತು. ಬಿ450 ಬೋರ್ಡು ಕೊಂಡಿದ್ದ ಗ್ರಾಹಕರು ಜಗತ್ತಿನಾದ್ಯಂತ ತಿರುಗಿಬಿದ್ದರು. ಕಂಪನಿ ಕೊಟ್ಟ ಕಾರಣಗಳಲ್ಲಿ ಒಂದು ಬಯಾಸ್ ಚಿಪ್‌ನ ಜಾಗದ ಕೊರತೆ: ಹಲವು ಬೋರ್ಡುಗಳಲ್ಲಿ ಅದು 16 ಎಂಬಿ ಮಾತ್ರ, ಅಷ್ಟೂ ಪ್ರೊಸೆಸರ್‌ಗಳ ವಿವರ ಅದರಲ್ಲಿ ಹಿಡಿಯದು ಎಂಬ ವಾದ. ಕೆಲವೇ ದಿನಗಳಲ್ಲಿ ಕಂಪನಿ ನಿಲುವು ಬದಲಿಸಿ ಬಿ450, ಎಕ್ಸ್470 ಬೋರ್ಡುಗಳಿಗೂ ಅವಕಾಶ ಕೊಟ್ಟಿತು. ಬಳಕೆದಾರರು ಗಟ್ಟಿಯಾಗಿ ಕೇಳಿದ್ದರಿಂದ ಎಷ್ಟೋ ಬೋರ್ಡುಗಳ ಆಯಸ್ಸು ಹೆಚ್ಚಿತು.

ಬಯಾಸ್ ಬದಲಿಸುವಾಗ ಮೂರು ಎಚ್ಚರಿಕೆ ಬೇಕು. ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿರುವಾಗಲೇ ಕೆಲಸ ಮುಗಿಸಬೇಕು. ತೆಗೆದ ಮೇಲೆ ಬೋರ್ಡಿಗೆ ಚಾಲನೆ ಕೊಡುವವರು ಯಾರೂ ಇರುವುದಿಲ್ಲ. ನಡುವೆ ಕರೆಂಟು ಹೋದರೆ ಬೋರ್ಡೇ ಕೈಕೊಡಬಹುದು, ಹಾಗಾಗಿ ಯುಪಿಎಸ್ ಇರಲಿ. ಹೊಸ ಬಯಾಸ್ ಬಂದ ಮೇಲೆ ತೀರಾ ಹಳೆಯ ಕೆಲವು ಚಿಪ್‌ಗಳ ಬೆಂಬಲ ಹೋಗುವುದೂ ಉಂಟು, ಬೋರ್ಡಿನ ಕಂಪನಿ ಬರೆದಿರುವ ಸೂಚನೆಯನ್ನು ಮೊದಲು ಓದಬೇಕು.

ಕೆಲವು ಬೋರ್ಡುಗಳ ಹಿಂಬದಿಯಲ್ಲಿ ‘ಬಯಾಸ್ ಫ್ಲ್ಯಾಶ್‌ಬ್ಯಾಕ್’ ಎಂಬ ಗುಂಡಿ ಇರುತ್ತದೆ. ಪೆನ್‌ಡ್ರೈವ್‌ನಲ್ಲಿ ಹೊಸ ಬಯಾಸ್ ಹಾಕಿ, ಸೂಚಿಸಿದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ, ಗುಂಡಿ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಬಯಾಸ್ ಬದಲಾಗುತ್ತದೆ. ಹಳೆಯ ದಾಸ್ತಾನಿನ ಬೋರ್ಡು, ಹೊಸ ಚಿಪ್ ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಗುಂಡಿ ಇಲ್ಲದಿದ್ದರೆ, ಬಯಾಸ್ ಅಪ್‌ಡೇಟ್ ಮಾಡಿಯೇ ಕೊಡುವಂತೆ ಅಂಗಡಿಯವರಿಗೆ ಮೊದಲೇ ಹೇಳಿ.

2024ರಲ್ಲಿ ಬಯಾಸ್‌ನ ಮಹತ್ವ ಇನ್ನೊಂದು ರೀತಿಯಲ್ಲಿ ಗೊತ್ತಾಯಿತು. ಇಂಟೆಲ್‌ನ ಹದಿಮೂರು, ಹದಿನಾಲ್ಕನೇ ಜನರೇಷನ್‌ನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿ ವೋಲ್ಟೇಜ್ ಪಡೆದು ಅಸ್ಥಿರವಾಗುತ್ತಿದ್ದವು. ಕಂಪನಿ ಅದನ್ನು ಒಪ್ಪಿಕೊಂಡು ಬಯಾಸ್ ಮೂಲಕ ತಿದ್ದುಪಡಿ ಹಂಚಿತು, ಬಾಧಿತ ಮಾದರಿಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಈ ಪ್ರೊಸೆಸರ್ ಇರುವವರು ಬಯಾಸ್ ಅಪ್‌ಡೇಟ್ ಮಾಡಿಸದೆ ಬಿಡಬಾರದು.

ಎಚ್, ಬಿ, ಝಡ್: ಚಿಪ್‌ಸೆಟ್‌ನ ಅಕ್ಷರ

ಬೋರ್ಡಿನ ಹೆಸರಿನಲ್ಲಿ ಕಾಣುವ ಎಚ್‌610, ಬಿ760, ಝಡ್790, ಎ620, ಬಿ650, ಎಕ್ಸ್670 ಎಲ್ಲ ಚಿಪ್‌ಸೆಟ್‌ನ ಹೆಸರುಗಳು. ಯುಎಸ್‌ಬಿ, ಎಸ್‌ಎಸ್‌ಡಿಗಳಿಗೆ ಎಷ್ಟು ದಾರಿ, ಪ್ರೊಸೆಸರ್‌ನ ವೇಗವನ್ನು ನಿಗದಿಗಿಂತ ಹೆಚ್ಚಿಸಬಹುದೇ ಎಂಬುದನ್ನು ನಿರ್ಧರಿಸುವುದು ಇದೇ.

ಇಂಟೆಲ್‌ನಲ್ಲಿ ಎಚ್‌610 ಅಗ್ಗದ್ದು, ಸಾಮಾನ್ಯವಾಗಿ ಎರಡೇ ರ‍್ಯಾಮ್ ಸ್ಲಾಟ್. ಬಿ660, ಬಿ760 ನಡುವಿನವು. ಝಡ್ ಸರಣಿ ದುಬಾರಿ. ಹೆಸರಿನ ಕೊನೆಯಲ್ಲಿ ‘ಕೆ’ ಇರುವ ಪ್ರೊಸೆಸರ್‌ನ ವೇಗ ಹೆಚ್ಚಿಸಲು ಝಡ್ ಬೋರ್ಡೇ ಬೇಕು. ಕೆ ಪ್ರೊಸೆಸರ್ ಬಿ ಬೋರ್ಡಿನಲ್ಲಿ ಕೆಲಸ ಮಾಡುತ್ತದೆ, ಆದರೆ ವೇಗ ಹೆಚ್ಚಿಸುವ ಆ ಅವಕಾಶಕ್ಕೆ ಕೊಟ್ಟ ಹಣ ದಂಡ. ಕೆ ಇಲ್ಲದ ಪ್ರೊಸೆಸರ್‌ಗೆ ಝಡ್ ಬೋರ್ಡು ಕೊಳ್ಳುವುದೂ ಅಷ್ಟೇ ದಂಡ. ಎಎಂಡಿಯಲ್ಲಿ ಎ ಸರಣಿ ಅಗ್ಗದ್ದು, ವೇಗ ಹೆಚ್ಚಿಸುವ ಸೌಲಭ್ಯ ಇಲ್ಲ. ಬಿ450, ಬಿ550, ಬಿ650ಯಂಥ ಬೋರ್ಡುಗಳಲ್ಲಿ ಅದು ಇದೆ.

ಮನೆಯ ಬಳಕೆಗೆ ಬಿ ಸರಣಿಯ ಬೋರ್ಡು ಸಾಕು. ನಾಲ್ಕು ರ‍್ಯಾಮ್ ಸ್ಲಾಟ್, ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್ ಇರುವ ಬೋರ್ಡು ಈ ಸಾಲಿನಲ್ಲಿ ಸಿಗುತ್ತದೆ. ನಾಳೆ ಎಸ್‌ಎಸ್‌ಡಿ ಅಥವಾ ರ‍್ಯಾಮ್ ಹೆಚ್ಚಿಸಬೇಕಾದಾಗ ಹಳೆಯದನ್ನು ಕಿತ್ತು ಹಾಕುವ ಪ್ರಮೇಯ ಬರುವುದಿಲ್ಲ.

ವಿದ್ಯುತ್ತಿನ ಲೆಕ್ಕ

ಕ್ಯಾಬಿನೆಟ್‌ನೊಳಗಿನ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಪ್ರೊಸೆಸರ್‌ಗಾಗಿ ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಒಂದು ವೋಲ್ಟ್‌ನ ಆಸುಪಾಸು. ಇಳಿಸಿ ಕೊಡುವ ಕೆಲಸ ಸಾಕೆಟ್‌ನ ಸುತ್ತ ಸಾಲಾಗಿ ಕಾಣುವ ಪುಟ್ಟ ಕಪ್ಪು ಬಿಲ್ಲೆಗಳದ್ದು, ವಿಆರ್‌ಎಂ ಎನ್ನುತ್ತಾರೆ. ಊರಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ದೊಡ್ಡ ಲೈನಿನ ಕರೆಂಟನ್ನು ಇಳಿಸಿ ಮನೆಗೆ ಕೊಡುವ ಹಾಗೆಯೇ ಇದೂ. ಟಿ.ಸಿ. ತಡೆಯುವಷ್ಟೇ ಪಂಪ್‌ಸೆಟ್ ಹಾಕಬೇಕು, ಮೀರಿದರೆ ಬಿಸಿಯೇರುತ್ತದೆ.

ಪ್ರೊಸೆಸರ್ 120 ವ್ಯಾಟ್ ಎಳೆಯುವಾಗ ವೋಲ್ಟೇಜ್ 1.2 ಇದ್ದರೆ ವಿಆರ್‌ಎಂ ಮೂಲಕ ಹರಿಯುವುದು 100 ಆಂಪಿಯರ್. ಐ5-12400 ಡಬ್ಬಿಯ ಮೇಲೆ 65 ವ್ಯಾಟ್ ಎಂದಿದ್ದರೂ ಪೂರ್ತಿ ವೇಗದಲ್ಲಿ ಅದರ ಮಿತಿ 117 ವ್ಯಾಟ್. ಐ9-14900ಕೆಯ ಮಿತಿ 253 ವ್ಯಾಟ್. ಅಗ್ಗದ ಎಚ್‌610 ಬೋರ್ಡಿಗೆ ಹೊಂದುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಈ ಐ9 ಹೆಸರೂ ಇರಬಹುದು; ಕೂರುತ್ತದೆ, ಆನ್ ಆಗುತ್ತದೆ. ಆದರೆ ವಿಡಿಯೊ ಎಡಿಟಿಂಗ್‌ನಂಥ ದೀರ್ಘ ಕೆಲಸ ಕೊಟ್ಟರೆ ವಿಆರ್‌ಎಂ ಬಿಸಿಯಾಗಿ, ಬೋರ್ಡು ಪ್ರೊಸೆಸರ್‌ನ ವೇಗವನ್ನು ತಗ್ಗಿಸುತ್ತದೆ. ದುಬಾರಿ ಚಿಪ್ ಕೊಂಡು ಸಾಧಾರಣ ಚಿಪ್‌ನ ವೇಗ ಪಡೆದಂತಾಯಿತು.

ಅಂಗಡಿಯಲ್ಲಿ ಬೋರ್ಡನ್ನು ಕಣ್ಣಾರೆ ನೋಡಿ. ಆ ಕಪ್ಪು ಬಿಲ್ಲೆಗಳ ಮೇಲೆ ಅಲ್ಯೂಮಿನಿಯಂ ಪಟ್ಟಿ, ಅಂದರೆ ಹೀಟ್‌ಸಿಂಕ್ ಇದೆಯೇ, ಬರಿದಾಗಿದೆಯೇ? ಐ3, ರೈಜೆನ್ 3ರಂಥ ಚಿಪ್‌ಗಳಿಗೆ ಬರಿದಾಗಿದ್ದರೂ ನಡೆಯುತ್ತದೆ. ಅದಕ್ಕಿಂತ ಮೇಲಿನದಕ್ಕೆ, ಅದರಲ್ಲೂ ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನಿನ ಗಾಳಿಯಲ್ಲೇ ನಡೆಯಬೇಕಾದ ಕಂಪ್ಯೂಟರ್‌ಗೆ ಹೀಟ್‌ಸಿಂಕ್ ಇರುವ ಬೋರ್ಡೇ ಇರಲಿ.

ರ‍್ಯಾಮ್, ಕೂಲರ್, ಕ್ಯಾಬಿನೆಟ್

ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಇಳಿಯುವುದಿಲ್ಲ. ಎಎಂ4ಕ್ಕೆ ಡಿಡಿಆರ್4 ಮಾತ್ರ, ಎಎಂ5ಕ್ಕೆ ಮತ್ತು ಎಲ್‌ಜಿಎ 1851ಕ್ಕೆ ಡಿಡಿಆರ್5 ಮಾತ್ರ. ಎಲ್‌ಜಿಎ 1700 ಬೋರ್ಡುಗಳು ಎರಡು ಬಗೆಯಲ್ಲೂ ಬರುತ್ತವೆ. ಮನೆಯಲ್ಲಿ ಒಳ್ಳೆಯ ಡಿಡಿಆರ್4 ರ‍್ಯಾಮ್ ಇದ್ದರೆ ಇದು ಮುಖ್ಯ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿದ್ದನ್ನು ನೋಡಿದವರಿಗೆ ಹಳೆಯ ರ‍್ಯಾಮ್ ಉಳಿಸಿಕೊಳ್ಳುವುದರ ಬೆಲೆ ಗೊತ್ತು. ಬಿ760 ಎಂದಷ್ಟೇ ಕೇಳದೆ ‘ಡಿ4 ಬೋರ್ಡಾ, ಡಿ5 ಬೋರ್ಡಾ?’ ಎಂದು ಕೇಳಿ.

ಕೂಲರ್ ವಿಷಯದಲ್ಲೂ ಇದೇ ಎಚ್ಚರ. ಎಲ್‌ಜಿಎ 1200ರ ಕೂಲರ್ ಕಾಲುಗಳು ಎಲ್‌ಜಿಎ 1700ರ ತೂತುಗಳಿಗೆ ನೇರವಾಗಿ ಕೂರುವುದಿಲ್ಲ, ಬೇರೆ ಕ್ಲಾಂಪ್ ಬೇಕು. ಎಎಂ4ರ ಹೆಚ್ಚಿನ ಕೂಲರ್‌ಗಳು ಎಎಂ5ಕ್ಕೆ ಆಗುತ್ತವೆ.

ಬೋರ್ಡಿನ ಅಳತೆ ಕ್ಯಾಬಿನೆಟ್ಟಿಗೆ ಹೊಂದಬೇಕು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಅಳತೆ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಮೈಕ್ರೊ ಎಟಿಎಕ್ಸ್ ಹೆಚ್ಚೆಂದರೆ 244 ಮಿ.ಮೀ. ಚೌಕ, ಮಿನಿ ಐಟಿಎಕ್ಸ್ 170 ಮಿ.ಮೀ. ಚೌಕ. ದೊಡ್ಡ ಕ್ಯಾಬಿನೆಟ್‌ನಲ್ಲಿ ಚಿಕ್ಕ ಬೋರ್ಡು ಕೂರುತ್ತದೆ, ಉಲ್ಟಾ ಆಗದು. ಬೋರ್ಡಿನ 24 ಪಿನ್ ಮತ್ತು 8 ಪಿನ್ ಕಿಂಡಿಗಳಿಗೆ ಸರಿಯಾದ ತಂತಿ ಎಸ್‌ಎಂಪಿಎಸ್‌ನಲ್ಲಿ ಇದೆಯೇ ಎಂದೂ ನೋಡಿ.

ಬ್ರಾಂಡೆಡ್ ಕಂಪ್ಯೂಟರ್ ಇರುವವರಿಗೆ ಇಲ್ಲಿ ವಿಶೇಷ ಎಚ್ಚರಿಕೆ. ದೊಡ್ಡ ಕಂಪನಿಗಳ ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಬೋರ್ಡಿನ ಆಕಾರ, ಸ್ಕ್ರೂ ಜಾಗ, ಎಸ್‌ಎಂಪಿಎಸ್‌ನ ಪಿನ್ ಎಲ್ಲವೂ ಆ ಕಂಪನಿಯವೇ. ಮಾರುಕಟ್ಟೆಯ ಬೋರ್ಡು ತಂದರೆ ಕ್ಯಾಬಿನೆಟ್, ಎಸ್‌ಎಂಪಿಎಸ್ ಕೂಡ ಬದಲಿಸಬೇಕಾದೀತು.

ಹಳೆಯ ಸರಕು, ಹೊಸ ಡಬ್ಬಿ

ನಮ್ಮ ಮಾರುಕಟ್ಟೆಗಳಲ್ಲಿ ‘ಐ5, 16 ಜಿಬಿ, ಎಸ್‌ಎಸ್‌ಡಿ’ ಎಂದು ತೀರಾ ಅಗ್ಗಕ್ಕೆ ಸಿಗುವ ಕಂಪ್ಯೂಟರ್‌ಗಳ ಒಳಗೆ ಬಹಳ ಸಲ ಎಚ್‌61 ಬೋರ್ಡು ಇರುತ್ತದೆ. ಎಚ್‌61 ಚಿಪ್‌ಸೆಟ್ ಬಂದದ್ದು 2011ರಲ್ಲಿ. ಅದರ ಮೇಲೆ ಬಳಸಿ ಬಿಟ್ಟ ಎರಡು ಅಥವಾ ಮೂರನೇ ಜನರೇಷನ್ ಪ್ರೊಸೆಸರ್ ಮಾತ್ರ ಕೂರುತ್ತದೆ, ರ‍್ಯಾಮ್ ಡಿಡಿಆರ್3. ಬೋರ್ಡಿನ ಡಬ್ಬಿ ಹೊಸದು, ತಂತ್ರಜ್ಞಾನ ಹದಿನೈದು ವರ್ಷ ಹಳೆಯದು. ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ, ಮುಂದೆ ಏರಿಸಲು ಮೆಟ್ಟಿಲೂ ಇಲ್ಲ. ಮಕ್ಕಳ ಓದಿಗೆಂದು ಕಷ್ಟಪಟ್ಟು ಹಣ ಹೊಂದಿಸುವ ಮನೆಗಳೇ ಇಂಥದ್ದನ್ನು ಹೆಚ್ಚಾಗಿ ಕೊಳ್ಳುತ್ತವೆ ಎಂಬುದು ನೋವಿನ ಸಂಗತಿ. ಲಿನಕ್ಸ್ ಹಾಕಿ ಟೈಪಿಂಗ್ ಕಲಿಯಲು, ಲೆಕ್ಕ ಬರೆಯಲು ಅದು ಸಾಕಾಗಬಹುದು. ಆದರೆ ಅದನ್ನು ಹೇಳಿಯೇ ಮಾರಬೇಕು, ತಿಳಿದೇ ಕೊಳ್ಳಬೇಕು.

ಕೂರಿಸುವಾಗ

ಇಂಟೆಲ್‌ನ ಎಲ್‌ಜಿಎ ಬೋರ್ಡುಗಳಲ್ಲಿ ಮತ್ತು ಎಎಂ5ರಲ್ಲಿ ಪಿನ್‌ಗಳಿರುವುದು ಬೋರ್ಡಿನಲ್ಲಿ. ಲೋಹದ ಚೌಕಟ್ಟು ಎತ್ತಿದರೆ ಕೂದಲೆಳೆಯಂಥ ಚಿನ್ನದ ಬಣ್ಣದ ಪಿನ್‌ಗಳು ಒಂದೇ ಕಡೆಗೆ ವಾಲಿ ಸಾಲುಗಟ್ಟಿ ನಿಂತಿರುತ್ತವೆ. ಬೆರಳು ತಾಗಿದರೂ ಬಾಗುತ್ತವೆ. ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಸಿಗದು. ಎಎಂ4ರಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನ ಅಡಿಯಲ್ಲಿ, ಒಟ್ಟು 1331.

ಪ್ರೊಸೆಸರ್‌ನ ಒಂದು ಮೂಲೆಯಲ್ಲಿ ಸಣ್ಣ ತ್ರಿಕೋನ ಇರುತ್ತದೆ, ಸಾಕೆಟ್‌ನ ಒಂದು ಮೂಲೆಯಲ್ಲೂ ಇರುತ್ತದೆ. ಎರಡನ್ನೂ ಹೊಂದಿಸಿ, ಅಂಚು ಹಿಡಿದು ಮೆಲ್ಲಗೆ ಬಿಟ್ಟರೆ ಸಾಕು. ಚಿಪ್ಪನ್ನು ಒತ್ತಬಾರದು. ಒತ್ತಬೇಕು ಎನ್ನಿಸಿದರೆ ದಿಕ್ಕು ತಪ್ಪಿದೆ, ಇಲ್ಲವೇ ಚಿಪ್ಪೇ ಬೇರೆ ಸಾಕೆಟ್ಟಿನದು. ಎಲ್‌ಜಿಎ ಸಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ; ವಾರಂಟಿಗೆ ಬೋರ್ಡು ಕಳಿಸುವಾಗ ಕೇಳುತ್ತಾರೆ.

ಎಎಂ4ರ ಹಳೆಯ ಕೂಲರ್ ತೆಗೆಯುವಾಗ ಕೂಲರ್‌ಗೂ ಪ್ರೊಸೆಸರ್‌ಗೂ ನಡುವೆ ಹಚ್ಚಿದ, ಶಾಖ ದಾಟಿಸುವ ಪೇಸ್ಟ್ ಒಣಗಿ ಅಂಟಿಕೊಂಡು ಪ್ರೊಸೆಸರ್ರೇ ಕಿತ್ತು ಬರುವುದುಂಟು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸಿ ಬೆಚ್ಚಗಾಗಿಸಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನು ಅತ್ತಿತ್ತ ತಿರುಗಿಸಿ ಸಡಿಲಿಸಿದ ಮೇಲೆಯೇ ಎತ್ತಬೇಕು. ಎಎಂ5 ಬೋರ್ಡಿನಲ್ಲಿ ಹೊಸ ಡಿಡಿಆರ್5 ಹಾಕಿ ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಪರೀಕ್ಷಿಸಿಕೊಳ್ಳಲು ಕೆಲವು ನಿಮಿಷ ಹಿಡಿಯಬಹುದು. ಪರದೆ ಕಪ್ಪಗಿದೆ ಎಂದು ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ.

ದುಡ್ಡು ಕೊಡುವ ಮುನ್ನ

ಯಾವ ಪ್ರೊಸೆಸರ್ ಯಾವ ಬೋರ್ಡಿಗೆ ಆಗುತ್ತದೆ ಎಂಬುದು ಯಾರ ಗುಟ್ಟೂ ಅಲ್ಲ. ಏಸುಸ್, ಎಂಎಸ್‌ಐ, ಗಿಗಾಬೈಟ್, ಎಎಸ್‌ರಾಕ್‌ನಂಥ ಪ್ರಮುಖ ಕಂಪನಿಗಳು ಪ್ರತಿ ಬೋರ್ಡಿಗೂ ‘ಸಿಪಿಯು ಸಪೋರ್ಟ್ ಲಿಸ್ಟ್’ ಎಂಬ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಇಟ್ಟಿವೆ. ಪಟ್ಟಿಯಲ್ಲಿ ಪ್ರೊಸೆಸರ್‌ನ ಹೆಸರಿನ ಎದುರಿಗೆ ಬಯಾಸ್‌ನ ಆವೃತ್ತಿ ಸಂಖ್ಯೆಯೂ ಇರುತ್ತದೆ. ಮೊಬೈಲ್‌ನಲ್ಲೇ ನೋಡಬಹುದು, ದುಡ್ಡು ಬೇಕಿಲ್ಲ. ಮನೆಯ ಬೋರ್ಡಿನ ಹೆಸರು ಗೊತ್ತಿಲ್ಲದಿದ್ದರೆ ವಿಂಡೋಸ್‌ನ ‘ಸಿಸ್ಟಮ್ ಇನ್ಫರ್ಮೇಷನ್’ ತೆರೆದರೆ ಬೋರ್ಡಿನ ಮಾದರಿ, ಪ್ರೊಸೆಸರ್, ಬಯಾಸ್ ಆವೃತ್ತಿ ಎಲ್ಲ ಒಂದೇ ಕಡೆ ಸಿಗುತ್ತವೆ.

ಪೂರ್ತಿ ಮಾದರಿ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಪಡೆಯಿರಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದೋಷವಿರುವ ಸರಕನ್ನು ವಾಪಸ್ ಪಡೆಯಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಎನ್ನುತ್ತದೆ. ಆದರೆ ನೀವು ಕೇಳಿದ್ದನ್ನೇ ಕೊಟ್ಟು, ಅದು ನಿಮ್ಮ ಬೋರ್ಡಿಗೆ ಹೊಂದದಿದ್ದರೆ ಅದು ಸರಕಿನ ದೋಷವಲ್ಲ. ಹಾಗಾಗಿ ಪರಿಶೀಲನೆ ಬಿಲ್ ಹಾಕಿಸುವ ಮೊದಲೇ ಆಗಬೇಕು.

ಚೀಟಿ ಬರೆಯುವಾಗ ಹೀಗೆ ಬರೆಯಿರಿ: ಪ್ರೊಸೆಸರ್‌ನ ಪೂರ್ತಿ ಹೆಸರು, ಬೋರ್ಡಿನ ಪೂರ್ತಿ ಹೆಸರು, ಸಾಕೆಟ್, ಡಿಡಿಆರ್ ಸಂಖ್ಯೆ, ಬೇಕಾದ ಬಯಾಸ್ ಆವೃತ್ತಿ. ಈಗ ಹೊಸದಾಗಿ ಮಾಡಿಸುವವರಿಗೆ, ಕೈಯಲ್ಲಿ ಹಳೆಯ ಡಿಡಿಆರ್4 ಇಲ್ಲದಿದ್ದರೆ, ಎಎಂ5ರ ಬಿ ಸರಣಿಯ ಬೋರ್ಡು ಮುಂದಿನ ವರ್ಷಗಳಿಗೂ ದಾರಿ ಬಿಡುತ್ತದೆ. ಡಿಡಿಆರ್4 ಇರುವವರಿಗೆ ಎಲ್‌ಜಿಎ 1700 ಅಥವಾ ಎಎಂ4 ಇನ್ನೂ ಒಳ್ಳೆಯ ಆಯ್ಕೆ. ಯಾವುದನ್ನೇ ಆರಿಸಿ, ಪ್ರೊಸೆಸರ್ ಒಂದನ್ನೇ ಕೊಂಡು ಆಮೇಲೆ ಬೋರ್ಡು ಹುಡುಕುವ ಕೆಲಸ ಮಾತ್ರ ಮಾಡಬೇಡಿ. ಬೋರ್ಡಿನ ‘ಸಿಪಿಯು ಸಪೋರ್ಟ್ ಲಿಸ್ಟ್’ ನೋಡಲು ಹಿಡಿಯುವುದು ಹತ್ತು ನಿಮಿಷ. ನೋಡಿಯೇ ಕೊಳ್ಳಿ.